ಕೆಲವರ ತಪ್ಪು, ಎಲ್ಲರ ತಲೆಯ ಮೇಲೆ

ತನ್ನ ತಂಡ ಆಡುವ ಕಡೆಗೆಲ್ಲ ಹೋಗುವ ಅಭಿಮಾನಿ ಫುಟ್ಬಾಲಿಗೆ ಹೊಸಬನೇನಲ್ಲ. ಆದರೆ ಆತ ದೊಡ್ಡ ಸಂಖ್ಯೆಯಲ್ಲಿ ದೇಶದ ಗಡಿ ದಾಟಲು ಆರಂಭಿಸಿದ್ದು 1955ರಲ್ಲಿ ಯುರೋಪಿಯನ್ ಕಪ್ ಶುರುವಾದ ನಂತರ. ಫ್ರಾನ್ಸಿನ ‘ಲೆಕಿಪ್’ ಪತ್ರಿಕೆ ಮುಂದಿಟ್ಟ ಈ ಯೋಜನೆಗೆ ವಿಮಾನಯಾನ ಮತ್ತು ರಾತ್ರಿಯ ದೀಪದ ಬೆಳಕಿನ ಆಟ ನೆರವಾದವು. 1967ರ ಮೇ 25ರಂದು ಲಿಸ್ಬನ್‌ನಲ್ಲಿ ಗ್ಲಾಸ್ಗೋದ ಸೆಲ್ಟಿಕ್ ತಂಡ ಇಟಲಿಯ ಇಂಟರ್ ಮಿಲಾನನ್ನು 2-1ರಿಂದ ಸೋಲಿಸಿದಾಗ ಅದನ್ನು ಕಾಣಲು ಸಾವಿರಾರು ಜನ ಬಂದಿದ್ದರು. ಅವರಲ್ಲಿ ಅನೇಕರು ಕಾರುಗಳಲ್ಲೇ ಫ್ರಾನ್ಸ್, ಸ್ಪೇನ್ ದಾಟಿ ಬಂದ ದುಡಿಯುವ ವರ್ಗದವರು. ಹೊರದೇಶವನ್ನು ಸಮವಸ್ತ್ರ ತೊಟ್ಟು ಯುದ್ಧಕ್ಕೆ ಹೋದಾಗ ಮಾತ್ರ ಕಂಡಿದ್ದ ಒಂದು ವರ್ಗ, ಈಗ ಅತಿಥಿಯಾಗಿ ಅದನ್ನು ಕಾಣುವಂತಾಯಿತು.

ಈ ಕಥೆಯ ಇನ್ನೊಂದು ಮುಖವನ್ನು ನಾವು ಮುಚ್ಚಿಡಬೇಕಾಗಿಲ್ಲ. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ನಡುವೆ ಫೈನಲ್ ಇತ್ತು. ಆಟಕ್ಕೆ ಮೊದಲೇ ಲಿವರ್‌ಪೂಲ್ ಬೆಂಬಲಿಗರ ಒಂದು ಗುಂಪು ಪಕ್ಕದ ವಿಭಾಗದಲ್ಲಿದ್ದವರ ಮೇಲೆ ನುಗ್ಗಿತು. ಅಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಇಟಲಿಯವರು. ಹಿಂದೆ ಸರಿದ ಜನ ಗೋಡೆಗೆ ಒತ್ತಿಕೊಂಡರು, ಗೋಡೆ ಕುಸಿಯಿತು. 39 ಜನ ಸತ್ತರು. ಅದರ ಮೇಲೆಯೂ ಪಂದ್ಯ ನಡೆಯಿತು.

ತಪ್ಪು ಯಾರದು? ನುಗ್ಗಿದವರದು, ನಿಜ. 14 ಮಂದಿಗೆ 1989ರಲ್ಲಿ ಬೆಲ್ಜಿಯಂ ನ್ಯಾಯಾಲಯ ಶಿಕ್ಷೆ ವಿಧಿಸಿತು. ಶಿಥಿಲಗೊಂಡ ಕ್ರೀಡಾಂಗಣವನ್ನು ಆರಿಸಿದವರದು, ಎರಡು ಕಡೆಯವರ ನಡುವೆ ಸಾಕಷ್ಟು ಪೊಲೀಸರನ್ನು ನಿಲ್ಲಿಸದವರದೂ ಹೌದು. ಅದೇ ನ್ಯಾಯಾಲಯ ಒಬ್ಬ ಪೊಲೀಸ್ ಅಧಿಕಾರಿಯನ್ನೂ ಫುಟ್ಬಾಲ್ ಒಕ್ಕೂಟದ ಒಬ್ಬ ಅಧಿಕಾರಿಯನ್ನೂ ತಪ್ಪಿತಸ್ಥರೆಂದಿತು. ಆದರೆ ಯುರೋಪಿನ ಫುಟ್ಬಾಲ್ ಸಂಸ್ಥೆ ಯುಯೆಫಾ ಇಂಗ್ಲೆಂಡಿನ ಎಲ್ಲ ಕ್ಲಬ್‌ಗಳನ್ನೂ ಹೊರಗಿಟ್ಟಿತು. ಆ ನಿಷೇಧ 1990ರ ತನಕ ನಡೆಯಿತು. ಲಿವರ್‌ಪೂಲ್‌ಗೆ ಇನ್ನೊಂದು ವರ್ಷ ಹೆಚ್ಚು. ಅದೇ ಊರಿನ ಎವರ್ಟನ್ ತಂಡ ಎರಡು ವಾರದ ಹಿಂದಷ್ಟೇ ರಾಟರ್‌ಡ್ಯಾಮ್‌ನಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದಿತ್ತು. ಆ ವರ್ಷದ ಲೀಗ್ ಚಾಂಪಿಯನ್ ಕೂಡ ಅದೇ. ಹೈಸೆಲ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಯುರೋಪಿಯನ್ ಕಪ್‌ನಲ್ಲಿ ಆಡುವ ಅವಕಾಶ ಅದರ ಕೈತಪ್ಪಿತು.

ನಿಷೇಧವಾದರೂ ಒಂದು ದಿನ ಮುಗಿಯುತ್ತದೆ, ಅನುಮಾನ ಮುಗಿಯುವುದಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ಲಿವರ್‌ಪೂಲ್ ಬೆಂಬಲಿಗರೇ ನೂಕುನುಗ್ಗಲಿಗೆ ಸಿಕ್ಕರು. ಅಭಿಮಾನಿಗಳೇ ಗೇಟು ಮುರಿದು ಒಳನುಗ್ಗಿದರೆಂಬ ಸುದ್ದಿ ಪೊಲೀಸರಿಂದಲೇ ಹೊರಟಿತು. ವಾಸ್ತವದಲ್ಲಿ ಗೇಟು ತೆರೆಸಿದ್ದು ಪೊಲೀಸ್ ಆದೇಶ. ಹೈಸೆಲ್‌ನ ನೆನಪು ಹಸಿಯಾಗಿದ್ದ ಕಾರಣ ಸುಳ್ಳನ್ನು ನಂಬಿಸಲು ಹೆಚ್ಚು ಶ್ರಮ ಬೇಕಾಗಲಿಲ್ಲ. 2016ರಲ್ಲಿ ಜ್ಯೂರಿ ಈ ಸಾವುಗಳು ಕಾನೂನುಬಾಹಿರ ಹತ್ಯೆಯೆಂದೂ ಅಭಿಮಾನಿಗಳ ನಡವಳಿಕೆ ಕಾರಣವಲ್ಲವೆಂದೂ ತೀರ್ಪಿತ್ತಿತು. ಆ ಒಂದು ಮಾತು ಕೇಳಲು ಮನೆಯವರು 27 ವರ್ಷ ಕಾಯಬೇಕಾಯಿತು. ಅಂದಿನ ಗಾಯದಿಂದ 2021ರಲ್ಲಿ ಇನ್ನೊಬ್ಬರು ತೀರಿಕೊಂಡು ಸತ್ತವರ ಸಂಖ್ಯೆ 97 ಆಯಿತು.

2000ದಲ್ಲಿ ಬ್ರಿಟನ್ ಒಂದು ಕಾನೂನು ತಂದಿತು. ಅಪರಾಧ ಸಾಬೀತಾಗದವನ ಮೇಲೂ ನಿಷೇಧ ಹೇರಬಹುದು, ವಿದೇಶದ ಪಂದ್ಯದ ಸಮಯದಲ್ಲಿ ಆತನ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಬಹುದು. ಗೂಂಡಾಗಿರಿ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಮಾಡಿದ ಕೃತ್ಯಕ್ಕೆ ಬದಲಾಗಿ ಮಾಡಬಹುದೆಂಬ ಶಂಕೆಗೆ ಶಿಕ್ಷೆ ಸಿಗುವಲ್ಲಿ ನಾವು ಎಚ್ಚರದಿಂದಿರಬೇಕಾಗುತ್ತದೆ.

2022ರ ಮೇ 28ರಂದು ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ಫೈನಲ್. ಟಿಕೆಟ್ ಹಿಡಿದ ಜನ ಗೇಟಿನ ಹೊರಗೆ ಗಂಟೆಗಟ್ಟಲೆ ಒತ್ತೊತ್ತಾಗಿ ನಿಂತಿದ್ದರು. ಅವರ ನಡುವೆ ಮಕ್ಕಳಿದ್ದರು, ಅಂಗವಿಕಲರಿದ್ದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಒಳಗೆ ಪರದೆಯ ಮೇಲೆ ಬಂದ ಸೂಚನೆ, ಅಭಿಮಾನಿಗಳು ತಡವಾಗಿ ಬಂದದ್ದರಿಂದ ಆಟ ತಡವಾಗುತ್ತಿದೆ ಎಂಬುದು! ಫ್ರಾನ್ಸಿನ ಗೃಹಸಚಿವರು ನಕಲಿ ಟಿಕೆಟಿನ ಕಥೆ ಹೇಳಿದರು. ಯುಯೆಫಾ ತಾನೇ ನೇಮಿಸಿದ ಸ್ವತಂತ್ರ ಸಮಿತಿ 2023ರ ಫೆಬ್ರವರಿಯಲ್ಲಿ ವರದಿ ಕೊಟ್ಟು, ಮುಖ್ಯ ಹೊಣೆ ಯುಯೆಫಾದ್ದೇ ಎಂದಿತು. ಲಿವರ್‌ಪೂಲಿನವರು ಗಲಭೆ ಮಾಡುತ್ತಾರೆಂಬ ಪೂರ್ವಗ್ರಹ ಅಂದಿನ ಪೊಲೀಸ್ ವ್ಯವಸ್ಥೆಯನ್ನೇ ಆಳಿತ್ತು ಎಂಬುದನ್ನೂ ಅದು ಎತ್ತಿ ತೋರಿಸಿತು. ಅಂದು ಹೊರಗೆ ನಿಂತಿದ್ದ ಮಕ್ಕಳು ಹೈಸೆಲ್‌ನ ಕಾಲಕ್ಕೆ ಹುಟ್ಟಿಯೂ ಇರಲಿಲ್ಲ.

ಹಾಗೆಂದು ಹೈಸೆಲ್ ಅನ್ನು ಮರೆಯಬೇಕೇ? ಬೇಡ. 2005ರ ಏಪ್ರಿಲ್‌ನಲ್ಲಿ ಯುವೆಂಟಸ್ ಲಿವರ್‌ಪೂಲ್‌ಗೆ ಆಡಲು ಬಂದಾಗ ಆತಿಥೇಯ ಅಭಿಮಾನಿಗಳು ಫಲಕಗಳನ್ನು ಜೋಡಿಸಿ ಇಟಾಲಿಯನ್ ಭಾಷೆಯಲ್ಲಿ ‘ಸ್ನೇಹ’ ಎಂದು ಬರೆದರು. ಬಂದವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಬೆನ್ನು ತಿರುಗಿಸಿ ನಿಂತರು. ಎರಡೂ ನಮಗೆ ಅರ್ಥವಾಗುತ್ತದೆ. ಸತ್ತವರ ಕಡೆಯವರಿಂದ ಕ್ಷಮೆಯನ್ನು ಬಲವಂತವಾಗಿ ಪಡೆಯಲಾಗದು.

ತಪ್ಪು ಮಾಡಿದವನಿಗೆ ಹೆಸರಿದೆ, ಮುಖವಿದೆ. ಅವನನ್ನು ಹುಡುಕಿ ಶಿಕ್ಷಿಸುವುದು ಶ್ರಮದ ಕೆಲಸ. ಅವನ ಊರನ್ನು, ಅವನು ತೊಟ್ಟ ಅಂಗಿಯ ಬಣ್ಣವನ್ನು ದೂರುವುದು ಸುಲಭ. ಸುಲಭದ ದಾರಿ ಹಿಡಿದಾಗಲೆಲ್ಲ ನಿಜವಾದ ಹೊಣೆಗಾರರು ತಪ್ಪಿಸಿಕೊಂಡಿದ್ದಾರೆ. ಈ ಪಾಠ ಫುಟ್ಬಾಲ್ ಮೈದಾನಕ್ಕೆ ಮಾತ್ರ ಸೀಮಿತವೆಂದು ನಮಗೆ ಅನಿಸುವುದಿಲ್ಲ.