ಅಂಕವೂ ಅಳತೆಯ ಗಳೆಯೂ

ಬಳ್ಳಿಗಾವೆಯ ಸುತ್ತಣ ಶಾಸನಗಳಲ್ಲಿ ದೇವರಿಗೆ ಭೂಮಿಯನ್ನು ಬಿಟ್ಟ ಸಂಗತಿ ಬರುವೆಡೆ, ಇಷ್ಟು ಮತ್ತರು ಎಂದು ಹೇಳಿದಷ್ಟಕ್ಕೇ ಬರೆದವನು ಸುಮ್ಮನಾಗುವುದಿಲ್ಲ. ಯಾವ ಗಳೆಯಿಂದ ಅಳೆದುದೆಂಬುದನ್ನೂ ಹಲವೆಡೆಗಳಲ್ಲಿ ಸೇರಿಸುತ್ತಾನೆ. ಭೇರುಂಡ ಗಳೆ ಎಂಬುದು ಅಂತಹವುಗಳಲ್ಲಿ ಹೆಸರಾದುದು. ಗಳೆಯ ಉದ್ದವು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದರಿಂದ, ಗಳೆಯ ಹೆಸರಿಲ್ಲದ ಹನ್ನೆರಡು ಮತ್ತರು ಎಷ್ಟು ನೆಲವೆಂಬುದನ್ನು ನಿರ್ಣಯಿಸಲು ಈಗ ದಾರಿಯಿಲ್ಲ. ಈ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚುಮಾಡಿಸಿದ ಬಿ. ಎಲ್. ರೈಸರು ಅದಕ್ಕೆ ಮೊದಲು ಮೈಸೂರು ಸೀಮೆಯ ವಿದ್ಯಾಭ್ಯಾಸದ ಇಲಾಖೆಯನ್ನು ನಡಸಿದವರೆಂಬುದು ಇಲ್ಲಿ ಸ್ಮರಣೀಯ. ನೆಲದ ಅಳತೆಯಲ್ಲಿ ಪೂರ್ವಿಕರು ತೋರಿದ ಎಚ್ಚರವು ಮಕ್ಕಳ ವಿದ್ಯೆಯ ಅಳತೆಯಲ್ಲಿ ಎಷ್ಟರಮಟ್ಟಿಗೆ ಉಳಿದಿದೆಯೆಂಬುದು ವಿಚಾರಿಸತಕ್ಕ ವಿಷಯ.

ಅಂಕ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಗುರುತು, ಮುದ್ರೆ, ಸಂಖ್ಯೆ, ತೊಡೆ, ನಾಟಕದ ಭಾಗ ಎಂಬ ಅರ್ಥಗಳುಂಟು. ಕನ್ನಡದಲ್ಲಿ ಇವುಗಳ ಜೊತೆಗೆ ದ್ವಂದ್ವಯುದ್ಧವೆಂಬ ಅರ್ಥವೂ ಸೇರಿದೆ. ಅಂಕಕಾರನೆಂದರೆ ಕಾಳಗದ ಬಂಟ, ಕರಾವಳಿಯಲ್ಲಿ ಕೋಳಿಯಂಕ ಇನ್ನೂ ಕೇಳಿಬರುವ ಮಾತು. ಪರೀಕ್ಷೆಯ ಫಲಕ್ಕೆ ಈ ಶಬ್ದವು ಬಂದಮೇಲೆ ಗುರುತೆಂಬ ಅರ್ಥವು ಹಿಂದಾಗಿ ಕಾಳಗದ ಅರ್ಥವೇ ಮೇಲಾಯಿತೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ.

ಪ್ರಾಚೀನ ಪಾಠಶಾಲೆಗಳಲ್ಲಿ ಪರೀಕ್ಷೆಯಿರಲಿಲ್ಲವೆಂದು ತಿಳಿಯಬಾರದು. ಮಿಥಿಲೆಯ ಶಲಾಕಾಪರೀಕ್ಷೆ ಪ್ರಸಿದ್ಧವಾದುದು. ಓಲೆಯ ಕಟ್ಟಿಗೆ ಸೂಜಿಯನ್ನು ಚುಚ್ಚಿ, ಅದರ ಮೊನೆ ಕೊನೆಗೆ ಮುಟ್ಟಿದ ಗರಿಯ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕಾಗಿತ್ತು. ಯಾವ ಗರಿ ಬರುವುದೆಂಬುದು ಗುರುವಿಗೂ ತಿಳಿಯದು. ಇಡೀ ಗ್ರಂಥದಿಂದ ಒಂದು ತುಣುಕನ್ನು ಪಕ್ಷಪಾತವಿಲ್ಲದೆ ಎತ್ತಿ, ಅದರಿಂದ ಸಮಸ್ತವನ್ನು ಊಹಿಸುವ ಈ ಕ್ರಮವು ಇಂದಿನ ಮಾಪನಶಾಸ್ತ್ರದ ಮೊದಲ ತತ್ತ್ವವೇ ಆಗಿದೆ. ಮೂರು ಗಂಟೆಯ ಪ್ರಶ್ನಪತ್ರಿಕೆಯೂ ಪಠ್ಯಪುಸ್ತಕಕ್ಕೆ ಚುಚ್ಚಿದ ಸೂಜಿಯೇ. ಮೊನೆ ಬೇರೆ ಗರಿಯನ್ನು ಮುಟ್ಟಿದ್ದರೆ ಅದೇ ಮಗುವಿನ ಅಂಕ ಬೇರೆಯಾಗುತ್ತಿತ್ತು. ಭೇದವಿಷ್ಟೆ: ಶಲಾಕೆಯಲ್ಲಿ ಫಲವು ಸಂಖ್ಯೆಯ ರೂಪವನ್ನು ತಾಳಲಿಲ್ಲ, ವಿದ್ವಾಂಸರ ಒಪ್ಪಿಗೆಯೇ ಫಲವಾಗಿತ್ತು.

ಸಂಖ್ಯೆಯು ಬಂದೊಡನೆ ಅದರ ಅಸ್ಥಿರತೆಯೂ ಕಂಡಿತು. ೧೮೮೮ರಲ್ಲಿಯೇ ಎಡ್ಜ್‌ವರ್ತ್ ಎಂಬ ಆಂಗ್ಲ ವಿದ್ವಾಂಸರು ಪರೀಕ್ಷಕರ ಅಂಕಗಳಲ್ಲಿ ಯದೃಚ್ಛೆಯ ಪಾಲೆಷ್ಟೆಂಬುದನ್ನು ಗಣಿತದಿಂದ ವಿಚಾರಿಸಿದರು. ೧೯೦೪ರಲ್ಲಿ ಸ್ಪಿಯರ್‌ಮನ್ನರು, ಯಾವ ಅಳತೆಯಲ್ಲಿಯೂ ಸತ್ಯಾಂಶದೊಡನೆ ದೋಷಾಂಶವೂ ಬೆರೆತಿರುವುದೆಂಬುದನ್ನು ಲೆಕ್ಕಕ್ಕೆ ತಂದರು. ಇವೆಲ್ಲಕ್ಕಿಂತ ಉಪಾಧ್ಯಾಯರ ಮನಸ್ಸಿಗೆ ನೇರವಾಗಿ ತಾಗುವುದು ೧೯೩೫ರಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬವರು ಪ್ರಕಟಿಸಿದ ಶೋಧನೆ. ಈ ಹಾರ್ಟಾಗರು ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾಗಿದ್ದು, ಭಾರತದ ವಿದ್ಯಾಭ್ಯಾಸವನ್ನು ಪರಿಶೀಲಿಸಿದ ಸಮಿತಿಗೂ ಅಧ್ಯಕ್ಷರಾಗಿದ್ದವರು. ಚರಿತ್ರೆಯ ಹದಿನೈದು ಉತ್ತರಪತ್ರಿಕೆಗಳನ್ನು ಹದಿನಾಲ್ಕು ಮಂದಿ ಪರೀಕ್ಷಕರಿಗೆ ಕೊಟ್ಟು, ವರ್ಷಕ್ಕೆ ಮೇಲ್ಪಟ್ಟ ಕಾಲ ಕಳೆದ ಬಳಿಕ ಅದೇ ಪತ್ರಿಕೆಗಳನ್ನು ಅದೇ ಪರೀಕ್ಷಕರಿಗೆ ಮರಳಿ ಕೊಡಲಾಯಿತು. ೨೧೦ ತೀರ್ಪುಗಳಲ್ಲಿ ೯೨ ಬದಲಾದುವು. ಉತ್ತರ ಅದೇ, ಪರೀಕ್ಷಕನೂ ಅವನೇ. ಫಲ ಮಾತ್ರ ಬೇರೆ.

ದಕ್ಷಿಣದಲ್ಲಿ ಎಸ್. ಎಸ್. ಎಲ್. ಸಿ. ಎಂಬ ಹೆಸರು ಮೊದಲು ಬಂದಾಗ ಅದರ ಅಭಿಪ್ರಾಯವು ಈಗಿನದಾಗಿರಲಿಲ್ಲ. ೧೯೧೧ರಲ್ಲಿ ಮದರಾಸು ಆಧಿಪತ್ಯದಲ್ಲಿ ಮೆಟ್ರಿಕ್ಯುಲೇಷನ್ನಿನ ಬದಲು ಬಂದ ಈ ಪತ್ರವು ಮೂಲದಲ್ಲಿ ಶಾಲೆಯನ್ನು ಬಿಡುವ ಮಗುವಿನ ವಿದ್ಯೆಯ ದಾಖಲೆ. ಉತ್ತೀರ್ಣ, ಅನುತ್ತೀರ್ಣ ಎಂಬ ಗೆರೆಯನ್ನು ಅದರಲ್ಲಿ ಎಳೆಯಲಿಲ್ಲ; ಕಾಲೇಜಿಗೆ ಅರ್ಹನೇ ಎಂಬುದನ್ನು ಆ ಅಂಕಗಳನ್ನು ನೋಡಿ ಬೇರೆಯಾಗಿ ನಿರ್ಣಯಿಸುತ್ತಿದ್ದರು. ಮೈಸೂರು ಸಂಸ್ಥಾನವೂ ಬಳಿಕ ಅದೇ ಹೆಸರಿನ ಪತ್ರವನ್ನು ಕೈಕೊಂಡಿತು. ದಾಖಲೆಯು ಕ್ರಮೇಣ ತೀರ್ಪಾಯಿತು, ನೂರಕ್ಕೆ ೩೫ ಎಂಬುದು ಮನೆಮನೆಯ ಮಾತಾಯಿತು. ೩೫ರಲ್ಲಿ ವಿಶೇಷ ಮಹಿಮೆಯೇನೂ ಇಲ್ಲವೆಂಬುದಕ್ಕೆ, ೨೦೨೫ರ ಅಕ್ಟೋಬರಿನಲ್ಲಿ ಅದನ್ನು ೩೩ಕ್ಕೆ ಇಳಿಸುವ ಪ್ರಕಟನೆ ಹೊರಟುದೇ ಸಾಕ್ಷಿ.

ಕನ್ನಡದ ಮಕ್ಕಳಿಗಾಗಿಯೇ ಗಳೆಯನ್ನು ಕಡೆಯುವ ಪ್ರಯತ್ನವು ಧಾರವಾಡದಲ್ಲಿ ನಡೆಯಿತು. ಬಿನೆ ಮತ್ತು ಸಿಮೊ ಎಂಬ ಫ್ರೆಂಚ್ ವಿದ್ವಾಂಸರು ೧೯೦೫ರಲ್ಲಿ ರಚಿಸಿ, ಟರ್ಮನ್ನರು ೧೯೧೬ರಲ್ಲಿ ಅಮೆರಿಕಕ್ಕೆ ಒಗ್ಗಿಸಿದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮರಾಠಿಗಳಿಗೆ ಅಳವಡಿಸಿದರು. ಆ ವಿಷಯವಾಗಿ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ಇಲ್ಲಿ ಭಾಷಾಂತರವು ಅತ್ಯಲ್ಪಭಾಗ. ಒಂದು ಪ್ರಶ್ನೆಯನ್ನು ಎಷ್ಟು ವಯಸ್ಸಿನ ಮಕ್ಕಳು ಬಹುಮಟ್ಟಿಗೆ ಬಿಡಿಸುವರೆಂಬುದನ್ನು ಈ ನಾಡಿನ ಮಕ್ಕಳಿಂದಲೇ ಅರಿಯಬೇಕು. ಪ್ಯಾರಿಸಿನ ಆರು ವರ್ಷದ ಕೂಸಿಗೆ ಸುಲಭವಾದುದು ಧಾರವಾಡದ ಕೂಸಿಗೆ ಹಾಗಿರಬೇಕೆಂಬ ನಿಯಮವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಸ್ಪಿಯರ್‌ಮನ್ನರ ಬಳಿ ಶಿಕ್ಷಣ ಪಡೆದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಿಂದ ಮನಶ್ಶಾಸ್ತ್ರವನ್ನು ಬೆಳೆಯಿಸಿದರು. ಆದರೆ ಇವು ಬುದ್ಧಿಯ ಅಳತೆಗೆ ಸಂಬಂಧಿಸಿದುವು. ಕಲಿತ ವಿದ್ಯೆಯನ್ನು ಅಳೆಯುವ ಸಾರ್ವಜನಿಕ ಪರೀಕ್ಷೆಯು ಈ ಶಾಸ್ತ್ರವನ್ನು ಬಹುಕಾಲ ನೆರೆಮನೆಯಂತೆ ಕಂಡಿತೇ ಹೊರತು ಒಳಗೆ ಕರೆಯಲಿಲ್ಲ.

ಹೀಗಾಗಿ ಸಾಮಾನ್ಯವಾದ ಎರಡು ಭ್ರಮೆಗಳು ಉಳಿದುವು. ಎಸ್. ಎಸ್. ಎಲ್. ಸಿ.ಯ ಒಟ್ಟಂಕ ೬೨೫. ಅದರಲ್ಲಿ ಪ್ರಥಮಭಾಷೆಗೆ ೧೨೫, ಮಿಕ್ಕ ಐದು ವಿಷಯಗಳಿಗೆ ನೂರು ನೂರು. ಕನ್ನಡದಲ್ಲಿ ೧೧೦ನ್ನೂ ಗಣಿತದಲ್ಲಿ ೯೦ನ್ನೂ ಪಡೆದ ಹುಡುಗಿಯನ್ನು ಕನ್ನಡದಲ್ಲಿ ಮುಂದಾದವಳೆಂದು ಮನೆಯವರು ಕೊಂಡಾಡುವುದುಂಟು. ನೂರಕ್ಕಿಳಿಸಿದರೆ ಮೊದಲನೆಯದು ೮೮ ಮಾತ್ರ. ಇದು ಸುಲಭವಾಗಿ ನೀಗುವ ಭ್ರಮೆ. ಎರಡನೆಯದು ಸೂಕ್ಷ್ಮ. ಒಬ್ಬ ಬಾಲಕನು ೭೦ ಅಂಕ ಪಡೆದ ಪತ್ರಿಕೆಯಲ್ಲಿ ಎಲ್ಲರ ಸರಾಸರಿ ೪೫, ಮತ್ತೊಬ್ಬನು ೭೦ ಪಡೆದ ಪತ್ರಿಕೆಯಲ್ಲಿ ೭೮ ಎಂದು ಭಾವಿಸಿದರೆ, ಅಂಕವೊಂದೇ ಆದರೂ ಸ್ಥಾನವೊಂದೇ ಅಲ್ಲ. ನೂರಕ್ಕೆ ಎಷ್ಟನ್ನು ಸರಿಯಾಗಿ ಬರೆದನೆಂಬುದು ಶೇಕಡ. ನೂರು ಮಂದಿಯಲ್ಲಿ ಎಷ್ಟು ಮಂದಿ ಅವನಿಗಿಂತ ಕೆಳಗಿರುವರೆಂಬುದು, ಈಗ ಪತ್ರಿಕೆಗಳಲ್ಲಿ ಕಾಣುವ ಪರ್ಸೆಂಟೈಲ್. ಎರಡನ್ನೂ ಒಂದೇ ಎಂದು ಓದುವ ಅಭ್ಯಾಸ ಉಪಾಧ್ಯಾಯರಲ್ಲಿಯೂ ಇಲ್ಲದಿಲ್ಲ.

ಈ ಸೂಕ್ಷ್ಮವು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದುದು ೨೦೨೨ರಲ್ಲಿ. ಸಾರ್ವಜನಿಕ ಪರೀಕ್ಷೆಗಳನ್ನು ನಡಸುವ ಮಂಡಲಿಯೂ ವೃತ್ತಿಶಿಕ್ಷಣದ ಪ್ರವೇಶವನ್ನು ನಡಸುವ ಪರೀಕ್ಷಾ ಪ್ರಾಧಿಕಾರವೂ ಬೆಂಗಳೂರಿನ ಮಲ್ಲೇಶ್ವರದಲ್ಲಿಯೇ, ಒಂದರಿಂದೊಂದು ಕಾಲ್ನಡೆಯ ದೂರದಲ್ಲಿ ಇವೆ. ಸಾಂಕ್ರಾಮಿಕದ ಕಾರಣ ೨೦೨೧ರಲ್ಲಿ ದ್ವಿತೀಯ ಪಿ. ಯು. ಸಿ. ಪರೀಕ್ಷೆಯನ್ನು ನಡಸಲಾಗಲಿಲ್ಲ. ಎಸ್. ಎಸ್. ಎಲ್. ಸಿ. ಅಂಕಗಳಿಂದ ನೂರಕ್ಕೆ ೪೫, ಪ್ರಥಮ ಪಿ. ಯು. ಸಿ.ಯಿಂದ ೪೫, ಕಾಲೇಜಿನ ಆಂತರಿಕ ಮೌಲ್ಯಮಾಪನದಿಂದ ೧೦ ಎಂಬ ಪಾಕದಿಂದ ಫಲವನ್ನು ಸಿದ್ಧಪಡಿಸಿದರು. ೬೦೦ಕ್ಕೆ ೬೦೦ ಪಡೆದವರು ೨,೨೩೯ ಮಂದಿ. ಮರುವರ್ಷ ಪರೀಕ್ಷೆ ನಡೆದಾಗ ಅತ್ಯುಚ್ಚ ಅಂಕ ೫೯೮. ಒಂದೇ ವರ್ಷದಲ್ಲಿ ನಾಡಿನ ಮಕ್ಕಳು ದಡ್ಡರಾದರೆಂದು ಯಾರೂ ಹೇಳಲಾರರು, ಗಳೆಯು ಬದಲಾಗಿತ್ತು.

ಪ್ರವೇಶಪರೀಕ್ಷೆಯ ಶ್ರೇಣಿಯಲ್ಲಿ ಅರ್ಧಭಾರ ಆ ಪರೀಕ್ಷೆಯ ಅಂಕಕ್ಕೂ ಅರ್ಧಭಾರ ಪಿ. ಯು. ಸಿ. ಅಂಕಕ್ಕೂ ಸಲ್ಲುವುದು ವಾಡಿಕೆ. ೨೦೨೧ರ ತಂಡದ ಸುಮಾರು ೨೪,೦೦೦ ವಿದ್ಯಾರ್ಥಿಗಳು ೨೦೨೨ರಲ್ಲಿ ಮರಳಿ ಪ್ರವೇಶಪರೀಕ್ಷೆಗೆ ಕುಳಿತಾಗ, ಅವರ ಪಿ. ಯು. ಸಿ. ಅಂಕಗಳನ್ನು ಪ್ರಾಧಿಕಾರವು ಗಣನೆಗೆ ತೆಗೆದುಕೊಳ್ಳಲಿಲ್ಲ. ಸರ್ಕಾರವೇ ಕೊಟ್ಟ ಅಂಕವನ್ನು ಸರ್ಕಾರವೇ ಅಲ್ಲಗಳೆಯಬಹುದೇ ಎಂಬುದು ಅವರ ವಾದ. ಪರೀಕ್ಷೆಯಿಲ್ಲದೆ ಬಂದ ಅಂಕವನ್ನು ಪರೀಕ್ಷೆ ಬರೆದವರ ಅಂಕದೊಡನೆ ಹೇಗೆ ತೂಗುವಿರಿ ಎಂಬುದು ಹೊಸ ತಂಡದ ವಾದ. ಎರಡೂ ಪಕ್ಷ ನ್ಯಾಯವಾದುದೇ. ಬಾಳಿನ ದಾರಿಯೇ ತಿರುಗುವ ಸಂದರ್ಭದಲ್ಲಿ ಎರಡೂ ಕಡೆಯ ಮಕ್ಕಳು ಅತಂತ್ರರಾಗಿ ನಿಂತರು. ಸೆಪ್ಟೆಂಬರ್ ೩ರಂದು ಉಚ್ಚನ್ಯಾಯಾಲಯದ ಏಕಸದಸ್ಯಪೀಠವು ಹಳೆಯ ತಂಡದ ಅಂಕಗಳನ್ನು ಸೇರಿಸಬೇಕೆಂದಿತು. ಮೇಲ್ಮನವಿಯಲ್ಲಿ ವಿಭಾಗಪೀಠದ ಮುಂದೆ ಒಂದು ಮಧ್ಯಮಾರ್ಗಕ್ಕೆ ಒಪ್ಪಿಗೆಯಾಯಿತು: ಭೌತ, ರಸಾಯನ, ಗಣಿತಗಳಲ್ಲಿ ಹಳೆಯ ತಂಡದವರ ನೂರರ ಅಂಕದಿಂದ ಸರಾಸರಿ ೬ನ್ನು ಕಳೆಯತಕ್ಕದ್ದು.

ಆರನ್ನು ಕಳೆದುದು ಶಿಕ್ಷೆಯೆಂದು ಆಗ ಹಲವರು ಭಾವಿಸಿದರು. ವಸ್ತುತಃ ಅದು ಒಂದು ಗಳೆಯ ಮತ್ತರನ್ನು ಇನ್ನೊಂದು ಗಳೆಗೆ ಪರಿವರ್ತಿಸುವ ಲೆಕ್ಕ. ಮಾಪನಶಾಸ್ತ್ರದಲ್ಲಿ ಇದು ನಿತ್ಯದ ಕೆಲಸ. ಒರಟಾದ ಲೆಕ್ಕವೆಂಬುದನ್ನು ಮಾತ್ರ ಒಪ್ಪಬೇಕು. ಮೇಲಿನವನಿಗೂ ಕೆಳಗಿನವನಿಗೂ ಏರಿಕೆ ಸಮವಾಗಿ ಆಗಿರಲಾರದು: ನೂರಕ್ಕೆ ನೂರು ಪಡೆದವನಿಗೆ ಮೇಲೇರಲು ಎಡೆಯೇ ಇಲ್ಲ, ಅರುವತ್ತರವನಿಗೆ ಧಾರಾಳವಾಗಿ ಉಂಟು. ಆದರೂ ಅಂಕವು ತನ್ನಷ್ಟಕ್ಕೆ ತಾನೇ ಪ್ರಮಾಣವಲ್ಲ, ಅಳೆದ ಕ್ರಮದೊಡನೆ ಸೇರಿ ಮಾತ್ರ ಪ್ರಮಾಣವೆಂಬುದನ್ನು ನ್ಯಾಯಾಲಯದ ಮುಂದೆ ಒಪ್ಪಿಕೊಂಡಂತಾಯಿತು. ಸೆಪ್ಟೆಂಬರಿನಲ್ಲಿ ನಡೆದ ಈ ಪರಿವರ್ತನೆಯನ್ನು ಪ್ರವೇಶಪರೀಕ್ಷೆಗೆ ಮುಂಚೆಯೇ ಗೊತ್ತುಪಡಿಸಿ ಸಾರಿದ್ದರೆ ವ್ಯಾಜ್ಯಕ್ಕೆ ಎಡೆಯಿರುತ್ತಿರಲಿಲ್ಲ.

೨೦೨೪ರ ಎಸ್. ಎಸ್. ಎಲ್. ಸಿ. ಇದಕ್ಕೆ ಇನ್ನೊಂದು ನಿದರ್ಶನ. ಆ ವರ್ಷ ಪರೀಕ್ಷಾಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ದೂರದಿಂದ ಕಾವಲು ಮಾಡಿದರು. ಫಲ ತೀರ ಕುಸಿಯಿತು. ಆಗ ಅರ್ಹತೆಯ ಒಟ್ಟಂಕವನ್ನು ನೂರಕ್ಕೆ ೩೫ರಿಂದ ೨೫ಕ್ಕೆ ಇಳಿಸಿ, ಕೃಪಾಂಕವನ್ನು ೧೦ರಿಂದ ೨೦ಕ್ಕೆ ಏರಿಸಲಾಯಿತು. ಕೃಪೆ, ಅಂಕ ಎಂಬ ಎರಡು ಪದಗಳು ಒಂದೇ ಸಮಾಸದಲ್ಲಿ ಕೂಡಿರುವುದೇ ವೈಯಾಕರಣರಿಗೆ ಸೋಜಿಗ. ಕೃಪೆಯಾದರೆ ಅಳತೆಯಲ್ಲ, ಅಳತೆಯಾದರೆ ಕೃಪೆಯಲ್ಲ. ಒಂದೂವರೆ ಲಕ್ಷಕ್ಕೆ ಮಿಗಿಲಾದ ಮಕ್ಕಳು ಹೀಗೆ ಪಾರಾದರು. ಅಷ್ಟಾದರೂ ಫಲವು ೭೩.೪೦ರಲ್ಲಿ ನಿಂತಿತು; ೨೦೨೩ರಲ್ಲಿ ಅದು ೮೩.೮೯ ಆಗಿದ್ದಿತು. ಮಕ್ಕಳಿಗೆ ದಯೆ ತೋರಿದುದು ತಪ್ಪೆನ್ನುವುದು ಸಲ್ಲ, ವಿಶೇಷವಾಗಿ ಅವರು ಕೆಳತರಗತಿಗಳನ್ನು ಸಾಂಕ್ರಾಮಿಕದ ಕಾಲದಲ್ಲಿ ಕಳೆದವರಾಗಿರಲು. ಆದರೆ ಎರಡು ವರ್ಷಗಳ ಶೇಕಡಗಳನ್ನು ಪಕ್ಕಪಕ್ಕದಲ್ಲಿಟ್ಟು, ಈ ಜಿಲ್ಲೆ ಏರಿತು, ಆ ಜಿಲ್ಲೆ ಇಳಿಯಿತು ಎಂದು ಉಪಾಧ್ಯಾಯರನ್ನು ಪ್ರಶ್ನಿಸುವುದಕ್ಕೆ ಆಧಾರವೇನೂ ಉಳಿಯಲಿಲ್ಲ. ಆ ಹೆಚ್ಚಿನ ಕೃಪಾಂಕವನ್ನು ಮರುವರ್ಷ ಕೈಬಿಟ್ಟುದರಿಂದ ೨೦೨೪ರ ಫಲವು ಹಿಂದಿನದಕ್ಕೂ ಹೊಂದದೆ ಮುಂದಿನದಕ್ಕೂ ಹೊಂದದೆ ಒಂಟಿಯಾಗಿ ನಿಂತಿದೆ.

ಅದೇ ೨೦೨೪ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡಸಿ, ಬರೆದವುಗಳಲ್ಲಿ ಹೆಚ್ಚಿನ ಅಂಕವನ್ನು ವಿದ್ಯಾರ್ಥಿಯು ಉಳಿಸಿಕೊಳ್ಳಬಹುದೆಂಬ ಕ್ರಮವು ಬಂದಿತು. ಒಂದು ದಿನದ ಜ್ವರಕ್ಕೋ ಗಾಬರಿಗೋ ಮಗುವಿನ ವರ್ಷವು ಬಲಿಯಾಗದಂತೆ ಮಾಡುವ ಈ ಏರ್ಪಾಡು ಶ್ಲಾಘ್ಯವಾದುದು. ಆದರೆ ದೋಷಾಂಶವು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಎಳೆಯುವಲ್ಲಿ, ಮೇಲೆಳೆದ ಸಲದ ಅಂಕವನ್ನೇ ಆಯ್ದರೆ ಸತ್ಯಾಂಶಕ್ಕಿಂತ ಅದು ತುಸು ಹೆಚ್ಚಾಗಿಯೇ ಇರುವುದು. ಮೂರು ಸಲ ಬರೆದವನ ೬೨ನ್ನೂ ಒಂದೇ ಸಲ ಬರೆದವನ ೬೦ನ್ನೂ ಎದುರಿಗಿಟ್ಟುಕೊಂಡ ಉಪಾಧ್ಯಾಯನು, ಈ ಎರಡರ ಅಂತರದಿಂದ ಇವನು ಅವನಿಗಿಂತ ಮೇಲೆಂದು ನಿರ್ಣಯಿಸಲಾರನು.