ತಾಯಿ ಕೊಡುವ ಕೈಗಡ

ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ ನೋಡಲು ಅಂದ. ಒಳಗೆ ಮಾತ್ರ ಮಾರಕ ವಿಷ. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಶ್ 1892ರಲ್ಲಿ ಈ ವಿಷದಿಂದಲೇ ಒಂದು ದೊಡ್ಡ ಸಂಗತಿಯನ್ನು ತೋರಿಸಿಕೊಟ್ಟರು. ಗುಲಗಂಜಿ ಮತ್ತು ಹರಳುಬೀಜದ ವಿಷವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹೆಚ್ಚಿಸುತ್ತ ಕೊಟ್ಟಾಗ ಇಲಿಗಳು ಅದನ್ನು ತಾಳಿಕೊಂಡವು. ಅಂಥ ತಾಯಿಯ ಮರಿಗಳಿಗೂ ಆ ರಕ್ಷಣೆಯಿತ್ತು. ತಂದೆಯಿಂದ ಅದು ಬರಲಿಲ್ಲ. ಬೇರೆ ಇಲಿಯ ಮರಿಗಳು ಈ ತಾಯಿಯ ಹಾಲು ಕುಡಿದರೂ ರಕ್ಷಣೆ ದೊರೆಯಿತು. ಕೆಲಕಾಲದ ಮೇಲೆ ಅದು ಕರಗಿಹೋಯಿತು. ಎಂದರೆ ಇದು ವಂಶದ ಆಸ್ತಿಯಲ್ಲ, ತಾಯಿ ಕೊಡುವ ಕೈಗಡ.

ಈ ಕೈಗಡದ ಬೆಲೆ ಜಗತ್ತಿಗೆ ಮನವರಿಕೆಯಾದದ್ದು ಧನುರ್ವಾಯುವಿನಿಂದ. ಹೊಕ್ಕುಳಬಳ್ಳಿಯನ್ನು ಶುಚಿಯಿಲ್ಲದ ಕುಡುಗೋಲಿನಿಂದ ಕೊಯ್ದರೆ, ಗಾಯಕ್ಕೆ ಸಗಣಿ ಮೆತ್ತಿದರೆ, ರೋಗಾಣು ಒಳಹೊಗುತ್ತದೆ. ಎರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ಆಮೇಲೆ ಬಾಯಿ ತೆರೆಯಲಾರದೆ, ಮೈ ಬಿಲ್ಲಿನಂತೆ ಸೆಟೆದು ಸಾಯುತ್ತದೆ. ಕೂಸಿಗೇ ಲಸಿಕೆ ಹಾಕೋಣವೆಂದರೆ, ಅದರ ಮೈ ಪ್ರತಿಕಾಯಗಳನ್ನು ತಯಾರಿಸುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆದರೆ ಬಸುರಿಗೆ ಲಸಿಕೆ ಹಾಕಿದರೆ? ಅವಳ ರಕ್ತದ ಪ್ರತಿಕಾಯಗಳು ಮಾಸಿನ ಮೂಲಕ ಹುಟ್ಟುವ ಮೊದಲೇ ಶಿಶುವನ್ನು ಸೇರುತ್ತವೆ.

ಧನುರ್ವಾಯುವಿನ ವಿಷವನ್ನು ನಿರಪಾಯಗೊಳಿಸಿದ ಲಸಿಕೆ 1920ರ ದಶಕದಲ್ಲೇ ಫ್ರಾನ್ಸಿನಲ್ಲಿ ಸಿದ್ಧವಾಗಿತ್ತು. ಅದನ್ನು ಗರ್ಭಿಣಿಯರ ಮೇಲೆ ಪರೀಕ್ಷಿಸಿದ್ದು ನ್ಯೂಗಿನಿಯ ಮಾಪ್ರಿಕ್ ಸುತ್ತಲ ಹಳ್ಳಿಗಳಲ್ಲಿ. ಸ್ಕೋಫೀಲ್ಡ್ ಮತ್ತು ಸಂಗಡಿಗರು 1961ರಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡು ಚುಚ್ಚುಮದ್ದು ಪಡೆದವರ ಕೂಸುಗಳಲ್ಲಿ ಸಾವು ಬಹಳ ಇಳಿದಿತ್ತು, ಮೂರು ಪಡೆದವರಲ್ಲಿ ಬಹುಮಟ್ಟಿಗೆ ನಿಂತೇಹೋಗಿತ್ತು.

ಆದರೆ ಮಾರ್ಗ ತಿಳಿದ ಮಾತ್ರಕ್ಕೆ ಮದ್ದು ಮನೆಬಾಗಿಲಿಗೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿಯೂ 7,87,000 ಹಸುಗೂಸುಗಳು ಈ ರೋಗಕ್ಕೆ ಬಲಿಯಾದವು. ಗರ್ಭಿಣಿಯರಿಗೆ ಲಸಿಕೆ, ಆಸ್ಪತ್ರೆಯ ಹೆರಿಗೆ, ಸೂಲಗಿತ್ತಿಯರಿಗೆ ಶುಚಿತ್ವದ ತರಬೇತಿ ಇವೆಲ್ಲ ಕೂಡಿದ ಮೇಲೆ, 2015ರಲ್ಲಿ ಭಾರತ ಇದನ್ನು ನಿವಾರಿಸಿತೆಂದು ಸಂಸ್ಥೆ ಘೋಷಿಸಿತು. ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬುದು ಇದರ ಅರ್ಥ.

ಅದೇ ದಾರಿಯಲ್ಲಿ ಬ್ರಿಟನ್ 2012ರಿಂದ ಗರ್ಭಿಣಿಯರಿಗೆ ನಾಯಿಕೆಮ್ಮಿನ ಲಸಿಕೆ ಕೊಡುತ್ತಿದೆ. ನವಜಾತ ಶಿಶುಗಳ ರಕ್ತಕ್ಕೆ ನಂಜೇರಿಸುವ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ರೋಗಾಣುವಿಗೆ ಬಲಿಯಾಗುವುದು ತಾಯಿಯಲ್ಲಿ ಪ್ರತಿಕಾಯ ಸಾಲದ ಕೂಸುಗಳೇ ಎಂದು ಅಮೆರಿಕದ ಬೇಕರ್ ಮತ್ತು ಕ್ಯಾಸ್ಪರ್ 1976ರಲ್ಲೇ ತೋರಿಸಿದ್ದರು. ಅದಕ್ಕೆ ಲಸಿಕೆಯ ಪ್ರಯೋಗಗಳು ಇನ್ನೂ ನಡೆದಿವೆ.

ಸಿಡುಬಿನಂತೆ ಧನುರ್ವಾಯುವನ್ನು ಭೂಮಿಯಿಂದಲೇ ಅಳಿಸಲಾಗದು. ಅದರ ಬೀಜಕಣಗಳ ನೆಲೆ ಮಣ್ಣು. ಆದ್ದರಿಂದ ಪ್ರತಿ ತಲೆಮಾರಿನ ತಾಯಂದಿರೂ ಈ ಕೈಗಡವನ್ನು ಹೊಸದಾಗಿ ಕೊಡಲೇಬೇಕು.