ಆದಿತ್ಯ 369 ಮತ್ತ ಮೆಣಸಿನಕಾಯಿ ಇಲ್ಲದ ಹಂಪಿ

ಬ್ಯಾಡಗಿ ಮಾರ್ಕೆಟ್‌ನಾಗ ಸೀಜನ್ ಬಂತಂದ್ರ ತೆಲುಗು ಮಾತು ಕಿವಿಗೆ ಬೀಳೋದು ಹೊಸಾದೇನಲ್ಲ. ಬಳ್ಳಾರಿ, ರಾಯಚೂರು ಕಡಿಂದ, ಆಂಧ್ರದಿಂದ ಮೆಣಸಿನಕಾಯಿ ಚೀಲ ಹೇರ್ಕೊಂಡು ಲಾರಿ ಬರ್ತಾವ. ಹಿಂಗಾಗಿ ತೆಲುಗು ಸಿನಿಮಾನೂ ನಮಗ ದೂರಿಂದೇನಲ್ಲ. ನಮ್ಮ ಮನ್ಯಾಗ ಎಷ್ಟು ಸಲ ನೋಡಿದ್ರೂ ಬ್ಯಾಸರ ಆಗದ ಸಿನಿಮಾ ಅಂದ್ರ 1991ರ ‘ಆದಿತ್ಯ 369’. ನೋಡಿದಷ್ಟು ಸಲ ವಾದಾನೂ ಆಗತೈತಿ. 2025ರಾಗ ಅದು ಮತ್ತ ಥಿಯೇಟರಿಗೆ ಬಂದ ಮ್ಯಾಲಂತೂ ವಾದ ಇನ್ನೂ ಜೋರಾತು.

ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಅವರು ಕನ್ನಡದವರಿಗೆ ಮನಿ ಮನುಷ್ಯಾ ಇದ್ದಂಗ. ರಾಜಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’, ಶಿವರಾಜಕುಮಾರ್ ಅವರ ಮೊದಲ ಸಿನಿಮಾ ‘ಆನಂದ್’, ಮಾತೇ ಇಲ್ಲದ ‘ಪುಷ್ಪಕ ವಿಮಾನ’ ಎಲ್ಲಾ ಅವರವ. ‘ಆದಿತ್ಯ 369’ರಾಗ ಬಾಲಕೃಷ್ಣ ಮತ್ತ ಮೋಹಿನಿ ಒಬ್ಬ ವಿಜ್ಞಾನಿ ಕಟ್ಟಿದ ಕಾಲಯಂತ್ರದೊಳಗ ಕುಂತು 1526ರ ವಿಜಯನಗರಕ್ಕ ಹೋಗ್ತಾರ, ಅಲ್ಲಿಂದ 2504ಕ್ಕ ಹಾರ್ತಾರ. ಕೃಷ್ಣದೇವರಾಯನ ಪಾತ್ರಾನೂ ಬಾಲಕೃಷ್ಣ ಅವರದ. ರಾಯನ ಕಾಲದ ಒಂದು ವಜ್ರದ ಮ್ಯಾಲ ಅಮರೀಶ್ ಪುರಿ ಕಣ್ಣು ಬಿದ್ದಿರತೈತಿ.

ವಿಜ್ಞಾನದ ತೂತು ಮೊದಲ ಹೇಳಿ ಮುಗಸ್ತೀನಿ. ಎಚ್.ಜಿ. ವೆಲ್ಸ್ 1895ರಾಗ ಬರದ ಕಾದಂಬರಿಯೊಳಗ ಯಂತ್ರ ಕಾಲದಾಗ ಅಷ್ಟ ಓಡಾಡತೈತಿ, ನಿಂತ ಜಾಗಾ ಬಿಡೂದಿಲ್ಲ. ಅದರಾಗೂ ಒಂದು ತೊಡಕೈತಿ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡತೈತಿ, ಕಾಲ ಅಷ್ಟ ಬದಲಾದ್ರ ಯಂತ್ರ ಬಯಲು ಆಕಾಶದಾಗ ಉಳೀಬೇಕು. ನನ್ನ ಮೈದುನ ಇದನ್ನ ಹಿಡ್ಕೊಂಡು ತಾಸುಗಟ್ಟಲೆ ಮಾತಾಡ್ತಾನ. ನಾನು ಇದನ್ನ ಮಾಫಿ ಮಾಡೀನಿ. ಇಷ್ಟು ಒಪ್ಪಲಿಲ್ಲಂದ್ರ ಕಥೀನ ಶುರು ಆಗೂದಿಲ್ಲ.

ನನಗ ಕಾಡೋದು ಇತಿಹಾಸದ ತೂತು. 1526 ಅನ್ನೋ ಇಸವಿ ನೋಡ್ರಿ. ತೆರಿ ಮ್ಯಾಲ ಆಸ್ಥಾನದ ತುಂಬ ಕುಣಿತ, ನಗು. ಆದ್ರ ಕುದರಿ ವ್ಯಾಪಾರಿ ಫರ್ನಾವೊ ನ್ಯೂನಿಜ್, ರಾಯ ತೀರಿದ ಕೆಲವೇ ವರ್ಷಕ್ಕ ವಿಜಯನಗರದಾಗ ಕುಂತು ಬರದದ್ದು ಬ್ಯಾರೆ. ರಾಯ ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಅದು 1524ರ ಸುಮಾರಿನ ಮಾತು. ಕೆಲವು ತಿಂಗಳಿಗೆ ಹುಡುಗ ಜಡ್ಡು ಬಿದ್ದು ತೀರ್ಕೊಂಡ. ಮಂತ್ರಿ ತಿಮ್ಮರಸನ ಕಡ್ಯಾವರ ವಿಷ ಹಾಕ್ಯಾರ ಅಂತ ನಂಬಿ, ತಂದಿ ಸಮಾನ ಇದ್ದ ಆ ಮುದುಕನ ಕಣ್ಣು ಕೀಳಿಸಿ ಜೇಲಿಗೆ ಹಾಕಿಸಿದ. ಅಂದ್ರ ಯಂತ್ರ ಇಳಿದ ಹೊತ್ತಿಗೆ ಅದು ಸೂತಕ ಹಳಿಯದಾಗದ ಮನಿ. ಸಿನಿಮಾ ಆ ಮನಿಗೆ ಹೋಗಿ, ಆ ಕೋಣಿ ಬಾಗಿಲ ತಗೀಲಿಲ್ಲ.

ರಾಯನ ಮಾರಿನೂ ಬ್ಯಾರೆ. 1520ರ ಸುಮಾರಿಗೆ ಬಂದಿದ್ದ ಡೊಮಿಂಗೊ ಪಾಯಸ್ ಆತನ್ನ ಕಣ್ಣಾರೆ ಕಂಡು ಬರದಾನ: ನಡುತರದ ಎತ್ತರ, ಬಿಳಿ ಬಣ್ಣ, ಸ್ವಲ್ಪ ದಪ್ಪ ಮೈ, ಮಾರಿ ಮ್ಯಾಲ ಸಿಡುಬಿನ ಕಲಿ. ತೆನಾಲಿ ರಾಮಕೃಷ್ಣನೂ ಅಷ್ಟ. ಆತ ರಾಯನ ಕಾಲಕ್ಕಿಂತ ಈಚಿನಾವ ಅಂತ ಬಾಳ ವಿದ್ವಾಂಸರು ಹೇಳ್ತಾರ. ಆದ್ರ ಆತನ್ನ ಬಿಟ್ಟು ಹಂಪಿ ಕಥಿ ಹೇಳಿದ್ರ ನಮ್ಮ ಮಕ್ಕಳು ಒಪ್ಪಂಗಿಲ್ಲ.

ಇನ್ನ ಭಾಷಾ. 1991ರ ಹುಡುಗ 1526ರವರ ಕೂಡ ಸಲೀಸಾಗಿ ಮಾತಾಡ್ತಾನ, ಎಲ್ಲಾ ತೆಲುಗಿನಾಗ. ರಾಯ ‘ಆಮುಕ್ತಮಾಲ್ಯದ’ ಬರದದ್ದು ತೆಲುಗಿನಾಗ, ಖರೆ. ಆದ್ರ ಆತನ ಶಾಸನ ಕನ್ನಡ, ತೆಲುಗು, ತಮಿಳು, ಸಂಸ್ಕೃತ ಎಲ್ಲಾದ್ರಾಗೂ ಅದಾವ. ಕುಮಾರವ್ಯಾಸ ಬಿಟ್ಟ ಭಾರತವನ್ನ ತಿಮ್ಮಣ್ಣ ಕವಿ ಆತನ ಆಶ್ರಯದಾಗ ಕನ್ನಡದೊಳಗ ಮುಗಿಸಿದ. ಖರೇ ಹಂಪಿ ಬಜಾರಿನ ಗದ್ದಲ ನಮ್ಮ ಬ್ಯಾಡಗಿ ಮಾರ್ಕೆಟ್‌ನಂಗ ಇದ್ದಿರಬೇಕು, ನಾಲ್ಕು ಭಾಷಾ ಕೂಡಿದ್ದು.

ಮನ್ಯಾಗ ಖರೇ ಜಗಳ ಹಚ್ಚಿದ್ದು ನಮ್ಮ ನೆಗೆಣ್ಣಿ ಕೇಳಿದ ಒಂದು ಪ್ರಶ್ನಿ. “ಅಕ್ಕಾ, ನಾವು ಅಲ್ಲಿಗೆ ಹೋಗಿದ್ರ ಅಡಗಿಗೆ ಖಾರ ಎಲ್ಲಿ ಸಿಗತಿತ್ತು?” ಅಂದ್ಲು. ನಾನು ಪಾಯಸ್ ಬರದದ್ದು ತಗದು ನೋಡಿದೆ. ಬಜಾರಿನಾಗ ಅಕ್ಕಿ, ಗೋದಿ, ಜೋಳ, ಹೆಸರು, ಹುರಳಿ, ಬದನಿಕಾಯಿ, ನಿಂಬಿಹಣ್ಣು ಎಲ್ಲಾ ಅದಾವ. ಮೆಣಸಿನಕಾಯಿ ಇಲ್ಲ. ಅದು ಅಮೆರಿಕಾ ಖಂಡದ ಗಿಡ, ಪೋರ್ಚುಗೀಸರ ಹಡಗಿನಾಗ ಈ ಕಡೆ ಬಂದದ್ದು. ಅವರು ಗೋವಾ ಹಿಡಿದದ್ದ 1510ರಾಗ. ಹೆಸರ ಸಾಕ್ಷಿ ಹೇಳತೈತಿ: ಮೊದಲ ಇದ್ದದ್ದು ಮೆಣಸು, ಅಂದ್ರ ಕರಿಮೆಣಸು. ಅದರಂಗ ಖಾರ ಇದ್ದ ಹೊಸ ಕಾಯಿಗೆ ‘ಮೆಣಸಿನಕಾಯಿ’ ಅಂದ್ರು. ಶೇಂಗಾ, ಬಟಾಟಿ, ಗೋವಿನಜೋಳಾನೂ ಅಮೆರಿಕಾ ಕಡಿಂದ ಬಂದಾವ.

ನಮ್ಮ ಮಾವ ನಲವತ್ತು ವರ್ಷ ಇದ ವ್ಯಾಪಾರ ಮಾಡಿದವರು. ಕೇಳಿ ಸಿಟ್ಟಿಗೆದ್ರು. “ಏನವಾ, ನಮ್ಮೂರ ಹೆಸರ ಹೊತ್ತ ಕಾಯಿ ಪರದೇಶದ್ದಂತಿ?” ಪುರಂದರದಾಸರ ಹೆಸರಿನಾಗ ಮೆಣಸಿನಕಾಯಿ ಮ್ಯಾಲ ಒಂದು ಪದ ಐತಿ ಅಂತ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಬರದಾರ. ಮಾವ ಅದನ್ನ ಹಿಡ್ಕೊಂಡು ಕುಂತ್ರು. ದಾಸರು ಬದುಕಿದ್ದು 1564ರ ತನಕ, ಹಂಗಾಗಿ ಅವರು ಕಂಡಿರಬಹುದು. ಆದ್ರೂ ಅದು ಆಗಿನ್ನೂ ಹೊಸಾ ಕಾಯಿ.

ಅದಕ ನಾನು ಕಾಗಿನೆಲಿ ಮಾತು ತಗದೆ. ನಮ್ಮ ತಾಲೂಕಿನ ಕಾಗಿನೆಲಿ ಕನಕದಾಸರೂ ಅದ ಶತಮಾನದವರು. ಅವರ ‘ರಾಮಧಾನ್ಯ ಚರಿತೆ’ಯೊಳಗ ಅಕ್ಕಿ, ರಾಗಿ ಯಾವುದು ದೊಡ್ಡದು ಅಂತ ಜಗಳ ಆಗತೈತಿ. ರಾಮ ಎರಡನ್ನೂ ಆರು ತಿಂಗಳು ಸೆರಿಗೆ ಹಾಕಿಸ್ತಾನ, ಕೆಡದ ಉಳಿದ ರಾಗಿ ಗೆಲ್ಲತೈತಿ. “ಮಾವಾರ, ಅಲ್ಲಿ ಕುಲ ಕೇಳಿ ತೀರ್ಪು ಕೊಡಲಿಲ್ರಿ, ತಾಳಿಕಿ ನೋಡಿ ಕೊಟ್ರು. ಮೆಣಸಿನಕಾಯಿನೂ ಅಷ್ಟರಿ” ಅಂದೆ. 2011ರಾಗ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕತು. ಅದು ಬೀಜ ಎಲ್ಲಿ ಹುಟ್ಟಿತು ಅಂತ ಕೇಳಿ ಕೊಟ್ಟದ್ದಲ್ಲ. ಈ ಮಣ್ಣು, ಈ ಬಿಸಿಲಿನಾಗ ಬಂದ ಬಣ್ಣಕ್ಕ, ಆ ಸುಕ್ಕಿಗೆ, ಆ ಹದದ ಖಾರಕ್ಕ ಕೊಟ್ಟದ್ದು. ಬಂದವರು ನಮ್ಮವರಾಗಾಕ ಯುಗಯುಗ ಬೇಕಾಗಿಲ್ಲ, ನಾಲ್ಕು ನೂರು ವರ್ಷದ ಬಾಳುವಿ ಸಾಕು.

ಇಷ್ಟು ತೂತು ಎಣಿಸಿದ ಮ್ಯಾಲೂ ಈ ಸಿನಿಮಾ ನನಗ ದೊಡ್ಡದ. ಕಾಲಯಂತ್ರ ಅಂದ್ರ ಲಂಡನ್ನು, ಅಮೆರಿಕಾ ಅನ್ನೋ ಹೊತ್ತಿನಾಗ, ಕಂಪ್ಯೂಟರ್ ಚಿತ್ರದ ಆಸರ ಇಲ್ಲದ, ಅದನ್ನ ತುಂಗಭದ್ರಾ ದಂಡಿಗೆ ತಂದು ಇಳಿಸಿದ್ರು. ವಜ್ರ ಆರಿಸಿದ್ದೂ ಶಾಣ್ಯಾತನ. ರಾಯರ ರಾಜ್ಯದಾಗ ವಜ್ರದ ಗಣಿ ಇದ್ವು. ‘ಮಂಗೆಲಿನ್’ ಅನ್ನೋ ತೂಕದಾಗ 20 ದಾಟಿದ ಹರಳು ರಾಜನ ಬೊಕ್ಕಸಕ್ಕ ಹೋಗಬೇಕಿತ್ತು ಅಂತ ನ್ಯೂನಿಜ್ ಬರದಾನ. ಯಂತ್ರ ಇಲ್ಲದನ ಕಾಲ ದಾಟಿ ಬರೂ ವಸ್ತು ಅಂದ್ರ ವಜ್ರ. ಎಲ್ಲಾಕಿಂತ ಹೆಚ್ಚಂದ್ರ, ಅಡಗಿ ಮನ್ಯಾಗಿನ ಹೆಣಮಕ್ಕಳ ಕೈಗೆ ಐದು ನೂರು ವರ್ಷದ ಹಿಂದಿನ ಪುಸ್ತಕ ಹಿಡಿಸಿತು.

ಮಾವ ಇನ್ನೂ ಪೂರಾ ಒಪ್ಪಿಲ್ಲ. ಮೊನ್ನೆ ತಾವ ಒಂದು ಹೊಸ ತೂತು ಹುಡುಕ್ಯಾರ. 2504ರಾಗ ಅಣುಯುದ್ಧದ ವಿಕಿರಣಕ್ಕ ಅಂಜಿ ಮಂದಿ ನೆಲದೊಳಗ ಬದುಕ್ತಾರಲ್ಲ, “ಅಲ್ಲಿ ಬಿಸಿಲ ಇಲ್ಲ. ಕಾಯಿ ಎಲ್ಲಿ ಒಣಗಿಸ್ತಾರ?” ಅಂತ ಕೇಳಿದ್ರು. ಇದಕ್ಕ ಮೈದುನನ ಹಂತೇಕನೂ ಉತ್ತರ ಇಲ್ಲ.